ಅಟ್ಟದ ಮೇಲಿನ ತೀರ್ಮಾನಗಳು

ಹೋಟೆಲಿಗೆ ಹೋದರೆ ನಾನು ಗೋಡೆಯ ಮೇಲಿನ ತಿಂಡಿಗಳ ಬೋರ್ಡು ನೋಡುವುದಿಲ್ಲ, ಪಕ್ಕದ ಟೇಬಲ್ಲಿನವರ ತಟ್ಟೆ ನೋಡುತ್ತೇನೆ. ಅವರು ತಿನ್ನುತ್ತಿರುವುದನ್ನೇ ತರಿಸಿಕೊಳ್ಳುತ್ತೇನೆ. ಚೆನ್ನಾಗಿಲ್ಲದಿದ್ದರೆ ತಪ್ಪು ಅವರದು.

ಈ ರೋಗ ನನಗೆ ಅಂಟಿದ್ದು ನಮ್ಮ ಮನೆಯ ಅಟ್ಟದಿಂದ. ಗುಬ್ಬಿ ಹತ್ತಿರ ನಮ್ಮದೊಂದು ಸಣ್ಣ ತೆಂಗಿನ ತೋಟ. ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ವರ್ಷವಿಡೀ ಅದರ ಸುದ್ದಿಗೇ ಹೋಗದಿರುವುದು ನಮ್ಮ ಪದ್ಧತಿ. ನೀರು ತಾನೇ ಇಂಗುತ್ತದೆ, ತಿರುಳು ತಾನೇ ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆಗ ಒಡೆದರೆ ಕೊಬ್ಬರಿ. ಇದನ್ನೇ ನೋಡಿ ಬೆಳೆದ ನಮ್ಮಪ್ಪನಿಗೆ ಸಂಸಾರದ ಯಾವ ಪ್ರಶ್ನೆಗೂ ಒಂದೇ ಉತ್ತರ: “ಇರ್ಲಿ ಬುಡ್ಲಾ, ತಾನಾಗೇ ಗೊತ್ತಾಯ್ತದೆ.” ಅಟ್ಟದಲ್ಲಿ ಕೆಲವು ಕಾಯಿ ಕೊಳೆಯುವುದೂ ಉಂಟು. ಆ ಮಾತನ್ನು ಮಾತ್ರ ಅಪ್ಪ ಎಂದೂ ಎತ್ತುತ್ತಿರಲಿಲ್ಲ.

ಹಿರಿಯರನ್ನು ನಂಬೋಣವೆಂದರೆ ಅವರೂ ಎರಡು ಬಗೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದವರೂ ಅವರೇ, ಆಲಸ್ಯಂ ಅಮೃತಂ ವಿಷಂ ಎಂದವರೂ ಅವರೇ. ಇವೆರಡರಲ್ಲಿ ಯಾವುದನ್ನು ಪಾಲಿಸುವುದೆಂದು ನಾನಿನ್ನೂ ಯೋಚಿಸುತ್ತಿದ್ದೇನೆ. ನನ್ನ ಅನುಭವದಲ್ಲಿ ಯೋಚನೆ ಎನ್ನುವುದು ಬಹುಪಾಲು ಹೆದರಿಕೆ. ಒಂದನ್ನು ಆರಿಸಿಕೊಂಡರೆ ಇನ್ನೊಂದು ಕೈಬಿಡುತ್ತದೆ. ಆರಿಸದೇ ಇರುವಷ್ಟು ಹೊತ್ತು ಎರಡೂ ನಮ್ಮದೇ ಎಂಬ ಭ್ರಮೆಯಲ್ಲಿ ಆರಾಮಾಗಿರಬಹುದು.

ಇಂಥ ನಾನು ಅಮೃತೂರಿಗೆ ಹೆಣ್ಣು ನೋಡಲು ಹೋದೆ. ಹುಡುಗಿ ಶೈಲಜಾ ಕುಣಿಗಲ್ಲಿನ ಶಾಲೆಯೊಂದರಲ್ಲಿ ಟೀಚರ್. ನಾನು ತುಮಕೂರಿನ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಉಪ್ಪಿಟ್ಟಿನಲ್ಲಿದ್ದ ಹಸಿಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ಬರುತ್ತಿದ್ದರೂ ಚೆನ್ನಾಗಿದೆ ಎಂದೆ. ಅವಳು ಲೋಟ ಮುಂದಿಟ್ಟು, “ಮೊದ್ಲು ನೀರು ಕುಡೀರಿ, ಆಮೇಲೆ ಹೊಗಳೀರಂತೆ” ಎಂದಳು. ಆ ಕ್ಷಣವೇ ಒಪ್ಪಿಬಿಟ್ಟಿದ್ದೆ. ಆದರೆ ಬಾಯಿಂದ ಬಂದದ್ದು, “ಊರಿಗೆ ಹೋಗಿ ತಿಳಿಸ್ತೀವಿ.”

ಊರಿಗೆ ಬಂದ ಮೇಲೆ ಯೋಚನೆ ಶುರುವಾಯಿತು. ತುಮಕೂರಿನಲ್ಲಿ ಮನೆ ಮಾಡಿದರೆ ಅವಳಿಗೆ ಕಷ್ಟ, ಕುಣಿಗಲ್ಲಿನಲ್ಲಿ ಮಾಡಿದರೆ ನನಗೆ ಕಷ್ಟ, ನಡುವೆ ಹೆಬ್ಬೂರಿನಲ್ಲಿ ಮಾಡಿದರೆ ಇಬ್ಬರಿಗೂ ಸಮನಾಗಿ ಕಷ್ಟ. ವಾರಗಳು ಉರುಳಿದವು.

“ಏನ್ಲಾ ಹೇಳೋದು ಅವ್ರಿಗೆ? ಹೆಣ್ಣೆತ್ತೋರು ಬಾಗ್ಲು ನೋಡ್ಕಂಡು ಕೂತವ್ರೆ” ಎಂದು ಅಮ್ಮ ರೇಗಿದಳು.

“ನೋಡಾನ ಬುಡಮ್ಮ” ಎಂದೆ.

ಅಮ್ಮ ನನ್ನನ್ನು ಎಳೆದುಕೊಂಡು ಹೋಗಿ ಊರಮ್ಮನ ಗುಡಿಯಲ್ಲಿ ಹೂ ಕೇಳಿಸಿದಳು. ದೇವಿಯ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯಿಂದ ಬಿದ್ದರೆ ಬೇಡ ಎಂದು. ಕಣ್ಮುಚ್ಚಿ ಬಿಡುವುದರೊಳಗೆ ಬಲಗಡೆಯಿಂದ ಬಿತ್ತು. ಅಮ್ಮ ಕೈಮುಗಿದಳು. ನಾನು ಎದುರಿಗೆ ನಿಂತು, ಬಲ ಎಂದರೆ ದೇವಿಯ ಬಲವೋ ನಮ್ಮ ಬಲವೋ ಎಂದು ಪೂಜಾರಿಯನ್ನು ಕೇಳಿದೆ. ಖಾತ್ರಿಗೆ ಇನ್ನೊಂದು ಹೂ ಕೇಳಿ ಎಂದೂ ಹೇಳಿದೆ. ಅದು ಎಡಗಡೆಯಿಂದ ಬಿತ್ತು. ಮೂರನೆಯದು ಬೀಳಲೇ ಇಲ್ಲ.

ಮರುದಿನ ಡ್ಯೂಟಿಯಲ್ಲಿದ್ದಾಗ ಶೈಲಜಾಳ ಫೋನ್ ಬಂತು.

“ನಮ್ಮನೇಗೆ ಭಾನ್ವಾರ ಇನ್ನೊಂದು ಕಡೆಯೋರು ಬರ್ತೀವಿ ಅಂತಾವ್ರೆ. ಬನ್ನಿ ಅನ್ಲಾ, ಬೇಡ ಅನ್ಲಾ?”

“ಬೇಡ ಅನ್ನಿ!” ಎಂದೆ. ಸುತ್ತಲಿನ ಕೆಲಸಗಾರರೆಲ್ಲ ತಿರುಗಿ ನೋಡಿದರು. ಇಷ್ಟು ಜೋರಾಗಿ ನಾನು ಏನನ್ನಾದರೂ ಹೇಳಿದ್ದನ್ನು ಅವರಾಗಲೀ ನಾನಾಗಲೀ ಕೇಳಿರಲಿಲ್ಲ.

“ಸರಿ, ಅವ್ರಿಗೆ ಬೇಡ ಅಂತೀನಿ. ನಿಮ್ಗೆ ಏನ್ ಹೇಳೋದು ಅಂತ ಯೋಚ್ನೆ ಮಾಡ್ಬೇಕು” ಎಂದು ಫೋನ್ ಇಟ್ಟಳು.

ಅವಳೂ ಯೋಚಿಸಬಹುದು ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ! ತೀರ್ಮಾನವೆಲ್ಲ ನನ್ನ ಜೇಬಿನಲ್ಲೇ ಇದೆ, ಯಾವಾಗ ಬೇಕಾದರೂ ತೆಗೆದು ಕೊಡಬಹುದು ಎಂದುಕೊಂಡಿದ್ದೆ. ಆ ವಾರ ಯಾರ ಫೋನ್ ರಿಂಗಾದರೂ ನನ್ನ ಜೇಬು ಮುಟ್ಟಿಕೊಂಡೆ.

“ಏನಂದ್ರಂತೆ?” ಎಂದು ಅಮ್ಮ ಕೇಳಿದಳು.

“ಯೋಚ್ನೆ ಮಾಡ್ತಾವ್ರಂತೆ.”

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ತೀರ್ಮಾನ ಮಾಡದವನು ಉಯ್ಯಾಲೆಯಲ್ಲಿ ಹಾಯಾಗಿ ಕೂತಿರುತ್ತಾನೆ, ತೂಗುವವರ ಕೈ ಮಾತ್ರ ನೋಯುತ್ತಿರುತ್ತದೆ. ಅಷ್ಟು ವಾರ ಅಮೃತೂರಿನಲ್ಲಿ ಒಬ್ಬಳು ಹೀಗೆಯೇ ಕಾದಿದ್ದಳು. ಸರಿಯಾದ ತೀರ್ಮಾನಕ್ಕೆ ಎಷ್ಟು ಯೋಚಿಸಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಯೋಚಿಸುವ ಮುನ್ನ, ಬಾಗಿಲಲ್ಲಿ ಯಾರನ್ನು ನಿಲ್ಲಿಸಿದ್ದೇವೆ ಎಂದು ಒಮ್ಮೆ ಇಣುಕಿ ನೋಡಬೇಕು, ಅಷ್ಟೇ.

ಭಾನುವಾರ ಬೆಳಗ್ಗೆ ಅವಳ ಫೋನ್ ಬಂತು. ಅವಳು ಬಾಯಿ ತೆರೆಯುವ ಮೊದಲೇ ನಾನು “ಹೂಂ” ಎಂದೆ.

ಅತ್ತ ಕಡೆ ನಗು. “ಮದ್ವೆ ಅಮೃತೂರಲ್ಲೋ ಗುಬ್ಬೀಲೋ ಅಂತ ಕೇಳಾನ ಅಂತ ಫೋನ್ ಮಾಡ್ದೆ ಕಣ್ರೀ. ಹೂಂ ಅಂದ್ರೆ ಯಾವೂರು?”