ಆಯಿಲ್ ಕೂಲರ್ ಕೂರಿಸಿದ ಶುಕ್ರವಾರ

ನಿಂಗಪ್ಪನವರೇ, ನೀವು ನನಗೆ ಹೇಳಿದ್ದಿರಿ. ಒಂದಲ್ಲ, ಎರಡು ಸಲ, ಆ ರಬ್ಬರ್ ಪೈಪನ್ನು ಮುಟ್ಟಿ ತೋರಿಸಿ ಹೇಳಿದ್ದಿರಿ. ನೀವು ಏನೂ ಹೇಳಲಿಲ್ಲವೆಂದು ನಾನು ಎಲ್ಲರೆದುರು ಸುಳ್ಳಾಡಿದೆ, ನಿಮ್ಮ ಅನ್ನಕ್ಕೆ ಕಲ್ಲು ಹಾಕಿದೆ. ಮರೆವಿನಿಂದ ಆದದ್ದಲ್ಲ ಅದು. ಗಂಡನಿಗೆ ಹೆದರಿ ಆಡಿದ ಮಾತೂ ಅಲ್ಲ — ಹಾಗಿದ್ದರೆ ಇಷ್ಟು ವರ್ಷಗಳಲ್ಲಿ ಹೇಗಾದರೂ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ಕಾರು ಕೆಟ್ಟು ನಿಲ್ಲಲೆಂದೇ ಬಾಯಿ ಮುಚ್ಚಿಕೊಂಡೆ. ಕಾರಿನ ಜೊತೆಗೆ ಅದರ ಯಜಮಾನರಿಗೂ... ಇರಲಿ, ಅದನ್ನೂ ಹೇಳುತ್ತೇನೆ. ಬಿಡುವುದಿಲ್ಲ.

ನಿಮಗೆ ನಾನು ಮಲಾಡಿನ ಬಂಗಲೆಯ ‘ಅಕ್ಕಾರ’ ಅಷ್ಟೇ. ನನ್ನ ಹೆಸರು ಸುಶೀಲಾ. ಧಾರವಾಡದಲ್ಲಿ ಹುಟ್ಟಿ, ಬೆಳಗಾವಿ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆ ನಿಂತ ಬಟ್ಟೆ ವ್ಯಾಪಾರಿಗಳ ಮನೆಗೆ ಸೊಸೆಯಾದವಳು. ಅವರ ಮನೆಮಾತು ಮರಾಠಿ. ನಮ್ಮವರಿಗೆ ಕನ್ನಡ ಬರುತ್ತಿರಲಿಲ್ಲ, ಬರಬೇಕೆಂಬ ಆಸೆಯೂ ಇರಲಿಲ್ಲ. ಮನೆಯ ಕೆಲಸದ ಗಂಗೂಬಾಯಿಗೆ ಮರಾಠಿ, ಬಾಗಿಲ ಕಾವಲಿನವನಿಗೆ ಹಿಂದಿ. ನಾನು ಕನ್ನಡ ಆಡುತ್ತಿದ್ದದ್ದು ದೇವರ ಮುಂದೆ, ಇಲ್ಲವೇ ಹಾಲು ಉಕ್ಕಿದಾಗ. ಹೀಗಿರುವಾಗ ಪರೇಲಿನ ಗ್ಯಾರೇಜಿನಿಂದ ಕಾರು ರಿಪೇರಿಗೆ ನೀವು ಬರತೊಡಗಿದಿರಿ — ಗೋಕಾಕದ ಕಡೆಯವರು, ಹುರಿ ಮಾಡಿದ ಮೀಸೆ, ಗೇಟಿನಿಂದಲೇ ಕೇಳಿಸುವ ದನಿ. ‘ಮುಂಬೈದಾಗ ನನ್ನಂಗ ಎಂಜಿನ್ ಬಿಚ್ಚಾವ ಇನ್ನೊಬ್ಬನ ತೋರಸ್ರಿ ಅಕ್ಕಾರ’ ಎಂದು ಬಡಾಯಿ ಕೊಚ್ಚುತ್ತಿದ್ದಿರಿ. ಆಗ ನಾನು ನಿಮ್ಮನ್ನು ‘ನಿಂಗಪ್ಪಾ, ನೀ’ ಎಂದೇ ಕರೆಯುತ್ತಿದ್ದೆ. ಈಗ ಹಾಗೆ ಕರೆಯಲು ನಾಲಿಗೆ ಏಳುವುದಿಲ್ಲ.

ಕಾರು ಎಂದರೆ ಎರಡೇ ಸೀಟಿನ, ಮೇಲೆ ಹೊದಿಕೆಯಿಲ್ಲದ ವಿಲಾಯತಿ ಗಾಡಿ. ಊರಾಚೆಯ ಹಳೆಯ ವಿಮಾನ ಪಟ್ಟಿಯ ಮೇಲೆ ಉಳ್ಳವರ ಮಕ್ಕಳು ಭಾನುವಾರ ರೇಸ್ ಓಡಿಸುತ್ತಿದ್ದ ಕಾಲ ಅದು. ನಮ್ಮವರಿಗೂ ಆ ಹುಚ್ಚು ಹಿಡಿದಿತ್ತು. ಬೆಳಿಗ್ಗೆ ಎದ್ದವರು ಮೊದಲು ಹೋಗಿ ಆ ಗಾಡಿಯ ಮೈ ಸವರುತ್ತಿದ್ದರು. ನನಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡಿದವರಲ್ಲ, ಗಾಡಿಯ ಎಂಜಿನ್ನು ಕಾದರೆ ಮಾತ್ರ ಮುಖ ಸಣ್ಣಗಾಗುತ್ತಿತ್ತು.

ಇಷ್ಟಕ್ಕೇ ನಾನು ಸೇಡು ಕಟ್ಟಿಕೊಂಡವಳಲ್ಲ. ಇಂಥದ್ದನ್ನೆಲ್ಲ ನುಂಗಿಕೊಂಡು ಬದುಕುವವರು ಎಷ್ಟು ಜನ ಇಲ್ಲ! ಆದರೆ ಆ ಚಳಿಗಾಲದಲ್ಲಿ ಧಾರವಾಡದಲ್ಲಿ ನನ್ನ ಅವ್ವ ಹಾಸಿಗೆ ಹಿಡಿದಳು. ಸೋದರಮಾವ ಪರಿಚಯದ ಒಬ್ಬರ ಕೈಯಲ್ಲಿ ನಮ್ಮವರ ಪೇಢಿಗೆ, ಎಂದರೆ ಬಟ್ಟೆಯ ಅಂಗಡಿಗೆ, ಹೇಳಿ ಕಳಿಸಿದ — ಅಕ್ಕ ಉಳಿಯುವ ಹಾಗೆ ಕಾಣುವುದಿಲ್ಲ, ಸುಶೀಲಾಳನ್ನು ಕೂಡಲೇ ಕಳಿಸಿ. ಆ ಪರಿಚಯದವರು ಬಂದು ನಮ್ಮವರಿಗೆ ಹೇಳಿದ್ದು ಗುರುವಾರ. ಭಾನುವಾರ ರೇಸ್ ಇತ್ತು, ರೇಸ್ ಮುಗಿದ ಮೇಲೆ ಗೆಳೆಯರಿಗೆಲ್ಲ ನಮ್ಮ ಮನೆಯಲ್ಲಿ ಊಟ. ನಾನು ಹೋಗಿಬಿಟ್ಟರೆ ಊಟದ ಗತಿ? ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನಮ್ಮವರು ನನ್ನೆದುರೇ ಓಡಾಡಿದರು, ನಕ್ಕರು, ಶ್ರೀಖಂಡಕ್ಕೆ ಕೇಸರಿ ಕಡಿಮೆಯಾಯಿತೆಂದರು. ಸೋಮವಾರ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ವಿಷಯ ತಿಳಿಸಿದರು. ನಾನು ಧಾರವಾಡ ಮುಟ್ಟುವಷ್ಟರಲ್ಲಿ ಅವ್ವ ಬೂದಿಯಾಗಿದ್ದಳು. ‘ಗುರುವಾರನ ಹೇಳಿ ಕಳಿಸಿದ್ವೆಲ್ಲವಾ, ಯಾಕ ಬರಲಿಲ್ಲ?’ ಎಂದು ಮಾವ ಕೇಳಿದಾಗ ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ...

ಮುಂಬಯಿಗೆ ಮರಳಿ ಬಂದು ಕೇಳಿದೆ. ‘ನೀನು ಹೋಗಿ ಏನು ಮಾಡುತ್ತಿದ್ದೆ? ನೀನೇನು ಡಾಕ್ಟರಾ?’ ಎಂದರು. ಆಮೇಲೆ ಗಾಡಿ ಒರೆಸಲು ಹೋದರು. ಅಂದೇ ನಿಶ್ಚಯಿಸಿದೆ, ಈ ಮನುಷ್ಯನಿಗೆ ಬಡ್ಡಿ ಸಮೇತ ತಿರುಗಿಸಿ ಕೊಡುತ್ತೇನೆ ಎಂದು. ಹೇಗೆ, ಯಾವಾಗ ಎಂದು ಗೊತ್ತಿರಲಿಲ್ಲ. ರೊಟ್ಟಿ ತಟ್ಟುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ಆ ಯೋಚನೆ ನನಗೆ ರುಚಿಸುತ್ತಿತ್ತು ನಿಂಗಪ್ಪನವರೇ, ಸುಳ್ಳೇಕೆ ಹೇಳಲಿ.

ಆಮೇಲೆ ಬೇಸಿಗೆ ಬಂತು. ಬಿಸಿಲಿಗೆ ಎಂಜಿನ್ ಎಣ್ಣೆ ನೀರಾಗುತ್ತದೆ, ಗಾಡಿ ಸೋಲುತ್ತದೆ ಎಂದು ಅವರಿಗೆ ಚಿಂತೆ. ಗೆಳೆಯರೊಬ್ಬರು ವಿಲಾಯತಿಯಿಂದ ಆಯಿಲ್ ಕೂಲರ್ ತರಿಸಿ ಕೊಟ್ಟರು. ಚಿಕ್ಕ ರೇಡಿಯೇಟರಿನಂಥ ಸಾಮಾನು. ಎಂಜಿನ್ನಿನ ಎಣ್ಣೆ ಒಂದು ಪೈಪಿನಲ್ಲಿ ಅದರೊಳಕ್ಕೆ ಹೋಗಿ, ಗಾಳಿಗೆ ತಣ್ಣಗಾಗಿ, ಇನ್ನೊಂದು ಪೈಪಿನಲ್ಲಿ ಹಿಂದಿರುಗುತ್ತದೆ. ಇದನ್ನೆಲ್ಲ ನನಗೆ ತಿಳಿಸಿದವರು ನೀವೇ, ಆ ಶುಕ್ರವಾರ, ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು. ನಮ್ಮವರು ಪೇಢಿಗೆ ಹೋಗಿದ್ದರು. ನಾನು ಮೆಟ್ಟಿಲ ಮೇಲೆ ಚಹಾ ಹಿಡಿದು ನಿಂತಿದ್ದೆ. ಗಂಗೂಬಾಯಿ ಅಲ್ಲೇ ಅಕ್ಕಿ ಆರಿಸುತ್ತಿದ್ದಳು.

ಕೂಲರನ್ನು ರೇಡಿಯೇಟರಿನ ಮುಂದೆ ಗಟ್ಟಿಯಾಗಿ ಕೂರಿಸಿದಿರಿ. ಆದರೆ ಜೊತೆಗೆ ಬಂದ ಪೈಪು ಬೇರೆ ಗಾಡಿಯದು, ಒಂದು ಗೇಣು ಗಿಡ್ಡ. ಮೊದಲು ವಿಲಾಯತಿಯವರನ್ನು ಬೈದಿರಿ. ಆಮೇಲೆ ಒಂದು ಸಾದಾ ರಬ್ಬರ್ ಪೈಪನ್ನು ಅಳತೆಗೆಂದು ಎರಡು ತುದಿಗೂ ಸಿಕ್ಕಿಸಿ, ಎದ್ದು ಕೈ ಒರೆಸಿಕೊಂಡಿರಿ.

‘ಅಕ್ಕಾರ, ಸಾಹೇಬ್ರಿಗೆ ಹೇಳ್ರಿ ಮತ್ತ. ಇದು ಅಳತೀಗೆ ಹಾಕಿದ್ದು ಅಷ್ಟ. ಖರೇ ಪೈಪ ಪರೇಲದಾಗ ಮಾಡಿಸಿ ಸೋಮವಾರ ತರತೀನಿ. ಅಲ್ಲೀತನಕ ಗಾಡಿ ಚಾಲೂ ಸುದ್ದಾ ಮಾಡಬಾರದು. ಎಣ್ಣಿ ಕಾದ್ರ ಈ ರಬ್ಬರ ಹರದು ಎಂಜಿನ್ ಕೆಟ್ಟು ಹೋಗ್ತದ. ಓಡೋ ಗಾಡಿ, ಜೀವಕ್ಕೂ ಚಲೋ ಅಲ್ಲ.’

‘ಹೇಳ್ತೀನಪಾ, ನೀ ಹೋಗು’ ಎಂದೆ.

ನೀವು ಸ್ಟಿಯರಿಂಗಿಗೆ ಒಂದು ಚಿಂದಿ ಬಟ್ಟೆ ಕಟ್ಟಿದಿರಿ. ಕೆಲಸ ಮುಗಿದಿಲ್ಲ, ಯಾರೂ ಮುಟ್ಟಬಾರದು ಎಂಬುದಕ್ಕೆ ನಿಮ್ಮ ಗ್ಯಾರೇಜಿನ ಗುರುತಂತೆ. ಗೇಟಿನ ಹತ್ತಿರ ಹೋದವರು ತಿರುಗಿ ಮತ್ತೆ ಕೂಗಿ ಹೇಳಿದಿರಿ, ‘ಮರೀಬ್ಯಾಡ್ರೀ ಅಕ್ಕಾರ!’

ಮರೆಯಲಿಲ್ಲ. ಸಂಜೆ ನಮ್ಮವರು ಬಂದು ‘ಕೂಲರ್ ಆಯಿತಾ?’ ಎಂದಾಗ ನಿಮ್ಮ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆಗಲೇ ಹೊಳೆಯಿತು — ಇವರು ನನಗೆ ಮುಟ್ಟಿಸದೆ ಇಟ್ಟುಕೊಂಡದ್ದೂ ಹೀಗೇ ಒಂದು ಮಾತು. ಗಂಗೂಬಾಯಿ ಕೇಳಿಸಿಕೊಂಡಿದ್ದಳು, ಅವಳಿಗೆ ಕನ್ನಡ ತಿಳಿಯದು. ಈ ಮಾತು ನನ್ನೊಬ್ಬಳ ಹತ್ತಿರವೇ ಇದೆ. ಇಷ್ಟು ದಿನ ಹುಡುಕುತ್ತಿದ್ದದ್ದು ತಾನಾಗಿ ಕೈಗೆ ಬಂದು ಬಿದ್ದಿತ್ತು.

‘ಕೂರಿಸಿ ಹೋಗಿದ್ದಾನೆ, ನೋಡಿ’ ಎಂದೆ. ಅಷ್ಟರಲ್ಲಿ ಸುಳ್ಳು ಎಲ್ಲಿದೆ?

ಅವರು ಕೈಕಾಲು ತೊಳೆದು ನೋಡಲು ಹೊರಡುವ ಮೊದಲೇ ನಾನು ಹೋಗಿ ಸ್ಟಿಯರಿಂಗಿನ ಬಟ್ಟೆ ಬಿಚ್ಚಿ ತಂದೆ. ಸುಮ್ಮನಿದ್ದದ್ದಷ್ಟೇ ನನ್ನ ತಪ್ಪು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಗಂಟು ಬಿಚ್ಚಿದ್ದು ಈ ಕೈ. ಗಂಟು ಗಟ್ಟಿಯಾಗಿತ್ತು, ಹಲ್ಲು ಹಚ್ಚಿ ಎಳೆಯಬೇಕಾಯಿತು. ಅವರು ಬಂದು ಮುಂದೆ ಹೊಳೆಯುತ್ತಿದ್ದ ಕೂಲರನ್ನು ನೋಡಿ ಮಗುವಿನ ಹಾಗೆ ಹಿಗ್ಗಿದರು. ಕೆಳಗಿನ ಪೈಪು ಎಂಥದೆಂದು ನೋಡುವ ತಿಳಿವಳಿಕೆ ಅವರಿಗಿರಲಿಲ್ಲ.

ಶನಿವಾರ ಪೂರ್ತಿ ಅವಕಾಶವಿತ್ತು. ಅವರಿಗೆ ಬಡಿಸಿದೆ, ಅಂಗಿಗೆ ಇಸ್ತ್ರಿ ಮಾಡಿದೆ, ಹೇಳಲಿಲ್ಲ. ಎಂಜಿನ್ ಸುಟ್ಟು ದಾರಿಯಲ್ಲಿ ನಿಂತಾಗ ಅವರ ಮುಖ ಹೇಗಿರುತ್ತದೆಂದು ಚಿತ್ರಿಸಿಕೊಂಡು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ. ಜೀವಕ್ಕೂ ಚಲೋ ಅಲ್ಲ ಎಂದಿದ್ದಿರಲ್ಲ — ಅದು ನನ್ನ ತಲೆಗೆ ಬರಲೇ ಇಲ್ಲ ಎಂದು ಬರೆಯಬೇಕೆಂದಿದ್ದೆ. ಬಂದಿತ್ತು. ಬಂದಾಗ ಅದನ್ನು ತಳ್ಳಿಹಾಕಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಗೆಳೆಯರಿಗೆ ತೋರಿಸಲೆಂದು ಗಾಡಿ ತೆಗೆದುಕೊಂಡು ಹೋದರು. ನಾನು ಗೇಟಿನವರೆಗೂ ಹೋಗಿ ಕಳಿಸಿ ಬಂದೆ. ಗೋರೆಗಾಂವ್ ಹತ್ತಿರ, ಗಾಡಿ ಜೋರಿನಲ್ಲಿದ್ದಾಗ ಪೈಪು ಹರಿಯಿತು. ಕಾದ ಎಣ್ಣೆಯೆಲ್ಲ ರಸ್ತೆಗೂ ಚಕ್ರಕ್ಕೂ ಚೆಲ್ಲಿ, ಎಂಜಿನ್ ಒಳಗೇ ಕಚ್ಚಿಕೊಂಡು ನಿಂತು, ಗಾಡಿ ಗಿರ್ರನೆ ತಿರುಗಿ ಹಳ್ಳಕ್ಕೆ ಬಿತ್ತು. ಅವರ ಭುಜದ ಮೂಳೆ ಮುರಿಯಿತು, ಹಣೆಗೆ ಹೊಲಿಗೆ ಬಿತ್ತು. ಕಟ್ಟು ಹಾಕಿಸಿಕೊಂಡು ಮನೆಗೆ ಬಂದವರನ್ನು ಹಾಸಿಗೆಯ ಮೇಲೆ ಕೂರಿಸುವಾಗ ನನಗೆ ಮರುಕ ಬರಲಿಲ್ಲ. ಅವ್ವಾ, ನೋಡಿದಿಯಾ ಎಂದು ಮನಸ್ಸಿನಲ್ಲೇ ಅಂದೆ.

ನಿಮ್ಮ ನೆನಪು ಆಗಲೂ ಬರಲಿಲ್ಲ. ನಂಬುತ್ತೀರೋ ಇಲ್ಲವೋ, ಆ ಮೂರು ದಿನ ನನ್ನ ಲೆಕ್ಕದಲ್ಲಿ ನೀವು ಇರಲೇ ಇಲ್ಲ.

ಸೋಮವಾರ ನೀವು ಹೊಸ ಪೈಪು ಹಿಡಿದು ಬಂದಿರಿ. ಹಿಂದೆಯೇ ನಿಮ್ಮ ಗ್ಯಾರೇಜಿನ ಸೇಠರೂ ಬಂದರು, ಅವರಿಗೆ ಸುದ್ದಿ ಹೋಗಿತ್ತು. ನಮ್ಮವರು ವರಾಂಡದಲ್ಲಿ ಕಟ್ಟು ಹಾಕಿದ ಕೈಯಿಟ್ಟುಕೊಂಡು ಕೂತಿದ್ದರು. ‘ಎಣ್ಣೆಯ ಪೈಪಿಗೆ ನೀರಿನ ರಬ್ಬರ್ ಹಾಕಿ ನನ್ನನ್ನು ಕೊಲ್ಲಲು ನೋಡಿದೆಯಾ?’ ಎಂದು ಗರ್ಜಿಸಿದರು. ನೀವು ಹೆದರಲಿಲ್ಲ. ‘ಬಾಯೀಕೋ ಬೋಲಾ ಥಾ ಸಾಬ್, ಗಾಡಿ ಚಾಲೂ ಮತ್ ಕರೋ’ ಎಂದು ಹಿಂದಿಯಲ್ಲಿ ಹೇಳಿ, ಚಾಲೂ ಮಾಡಬೇಡಿ ಎಂದು ಎಚ್ಚರಿಸಿದ್ದು ಇವರನ್ನೇ ಎನ್ನುವಂತೆ ನನ್ನ ಕಡೆ ಕೈ ತೋರಿಸಿದಿರಿ. ನಿಮ್ಮ ಮುಖದಲ್ಲಿ ಎಷ್ಟು ಧೈರ್ಯವಿತ್ತು! ನಮ್ಮ ಭಾಷೆಯವಳು, ಇವಳಿದ್ದಾಳೆ ಎಂಬ ಧೈರ್ಯ.

ಗಂಗೂಬಾಯಿಯನ್ನು ಕೇಳಿದರು. ‘ಏನೋ ಮಾತಾಡಿದರು. ಅವರ ಭಾಷೆ, ನನಗೇನು ತಿಳಿಯುತ್ತದೆ?’ ಎಂದಳು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

ಹೌದು ಎಂದಿದ್ದರೆ ಏನಾಗುತ್ತಿತ್ತು? ಬೈಗುಳ, ಬಹಳವಾದರೆ ನಾಲ್ಕು ಏಟು. ತವರಿಗೆ ಅಟ್ಟಿದರೂ ಸೋದರಮಾವನ ಮನೆಯಲ್ಲಿ ನನಗೊಂದು ಮೂಲೆಯಿತ್ತು. ಆದರೆ ಒಪ್ಪಿಕೊಂಡರೆ ಅವರು ನನ್ನನ್ನು ಕ್ಷಮಿಸಿಬಿಡಬಹುದು, ಮರೆತಿದ್ದಾಳೆ ಪಾಪ ಎಂದು ನಗಬಹುದು — ಆಗ ನನ್ನ ಸೇಡು ಒಂದು ಮರೆವಾಗಿ ಹೋಗುತ್ತಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮರಾಠಿಯಲ್ಲಿ ಹೇಳಿದೆ: ‘ಊರ ಕಡೆಯ ಮಾತಾಡಿದ. ಗಾಡಿಯ ವಿಷಯ ಏನೂ ಹೇಳಲಿಲ್ಲ.’

ನಿಮಗೆ ಮರಾಠಿ ಚೆನ್ನಾಗಿಯೇ ತಿಳಿಯುತ್ತಿತ್ತು. ಕೈಯಲ್ಲಿದ್ದ ಹೊಸ ಪೈಪನ್ನು ಕೆಳಗಿಟ್ಟಿರಿ. ಆಮೇಲೆ, ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ ಅಂದಿರಿ:

‘ಅಕ್ಕಾರ, ಅದನ್ನ ಕನ್ನಡದಾಗ ಹೇಳ್ರಿ.’

ನಾನು ಎದ್ದು ಒಳಗೆ ಹೋದೆ. ಅಡುಗೆಮನೆಯಲ್ಲಿ ನಿಂತಿದ್ದಾಗ ಸೇಠರು ನಿಮ್ಮ ಕೆನ್ನೆಗೆ ಹೊಡೆದ ಸದ್ದು ಕೇಳಿಸಿತು. ಹೊರಗೆ ಬರಲಿಲ್ಲ.

ನಿಮ್ಮನ್ನು ಕೆಲಸದಿಂದ ತೆಗೆದರೆಂದು ಕಾವಲಿನವನು ಹೇಳಿದ. ಗ್ಯಾರೇಜುಗಳಲ್ಲೆಲ್ಲ ಸುದ್ದಿ ಹಬ್ಬಿತು, ಎಣ್ಣೆಯ ಪೈಪಿಗೂ ನೀರಿನ ಪೈಪಿಗೂ ವ್ಯತ್ಯಾಸ ಗೊತ್ತಿಲ್ಲದ ನಿಂಗಪ್ಪ ಎಂದು. ಬಡಾಯಿಯವನಿಗೆ ಹೀಗೇ ಆಗಬೇಕು ಎಂದು ನಕ್ಕವರೂ ಇದ್ದರಂತೆ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದಿರೆಂದೂ ಅವನೇ ಹೇಳಿದ. ಎರಡು ಮೂರು ವರ್ಷದ ಮೇಲೆ ಒಮ್ಮೆ ಪರೇಲಿನಲ್ಲಿ ನಿಮ್ಮನ್ನು ಕಂಡೆ. ಮಿಲ್ಲಿನ ಬಾಗಿಲ ಹತ್ತಿರ ನೀವು ಬಟ್ಟೆಯ ಬೇಲು ತುಂಬಿದ ಕೈಗಾಡಿ ಎಳೆಯುತ್ತಿದ್ದಿರಿ, ಮೀಸೆ ಇರಲಿಲ್ಲ. ನಮ್ಮವರ ಹೊಸ ಕಾರಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದಿರಿ. ಅವರಿಗೆ ಗುರುತೇ ಸಿಗಲಿಲ್ಲ. ನಮ್ಮಿಬ್ಬರಿಗೆ ಸಿಕ್ಕಿತು. ನೀವು ಮುಖ ತಿರುಗಿಸಿ ಗಾಡಿಯ ಹಗ್ಗ ಹಿಡಿದಿರಿ, ನಾನು ಸೆರಗು ಸರಿಮಾಡಿಕೊಂಡೆ.

ಹೌದು, ಹೊಸ ಕಾರು ಬಂದಿತ್ತು. ಅವರ ಮೂಳೆಯೂ ಕೂಡಿಕೊಂಡಿತು. ನನ್ನ ಸೇಡು ಅವರಿಗೆ ತಟ್ಟಲೇ ಇಲ್ಲ. ತಟ್ಟದಿದ್ದರೆ ಹೋಗಲಿ, ಅವರಿಗದು ಸೊಗಸಾದ ಒಂದು ಕತೆಯಾಯಿತು. ಈಗ ಇಬ್ಬರ ತಲೆಯೂ ನೆರೆತಿದೆ, ಇವತ್ತಿಗೂ ಭಾನುವಾರ ಹಳೆಯ ಗೆಳೆಯರು ಬಂದರೆ ಹಣೆಯ ಗಾಯದ ಗುರುತು ತೋರಿಸಿ ಶುರು ಮಾಡುತ್ತಾರೆ: ‘ನಮ್ಮಲ್ಲಿ ಒಬ್ಬ ನಿಂಗಪ್ಪ ಅಂತ ಇದ್ದ...’ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ನಾನು ಚಹಾ ಕೊಡುತ್ತೇನೆ. ಎಷ್ಟೋ ಸಲ ಬಾಯಿ ತೆರೆದದ್ದುಂಟು. ಆದರೆ ಆಗೆಲ್ಲ ನನ್ನ ಕಣ್ಣೆದುರು ಬಂದದ್ದು ನಿಜ ತಿಳಿದಾಗ ಪೆಚ್ಚಾಗುವ ಅವರ ಮುಖ, ಕೂಡಲೇ ಆ ಹಳೆಯ ರುಚಿ ಬಾಯಿಗೆ ಬರುತ್ತಿತ್ತು. ನಿಮ್ಮ ಮುಖ ಬರುತ್ತಿದ್ದದ್ದು ಅದರ ನಂತರ. ಇಷ್ಟೆಲ್ಲ ಆದ ಮೇಲೂ ನಿಮಗೆ ನನ್ನಲ್ಲಿ ಎರಡನೆಯ ಜಾಗವೇ. ಇದು ಎಲ್ಲಕ್ಕಿಂತ ಹೊಲಸು, ಅದಕ್ಕೇ ಬರೆದಿಟ್ಟಿದ್ದೇನೆ.

ನೀವು ಎಲ್ಲಿದ್ದೀರೋ, ಇದ್ದೀರೋ ಇಲ್ಲವೋ ತಿಳಿಯದು. ಗೋಕಾಕದ ಕಡೆ ಕೇಳಿಸಿ ನೋಡಿದೆ, ಸುಳಿವು ಸಿಗಲಿಲ್ಲ. ನಿಮ್ಮ ಕ್ಷಮೆ ಕೇಳುವ ಮುಖ ನನಗಿಲ್ಲ. ಬರುವ ಭಾನುವಾರ ಗೆಳೆಯರು ಬರುತ್ತಾರೆ. ನಮ್ಮವರು ನಿಮ್ಮ ಹೆಸರು ಎತ್ತಿದ ಕೂಡಲೇ ಎಲ್ಲರ ಎದುರೇ ಹೇಳುತ್ತೇನೆ — ನಿಂಗಪ್ಪ ಎಚ್ಚರಿಸಿ ಹೋಗಿದ್ದ, ಪೈಪು ಹರಿಯುತ್ತದೆಂದು ಗೊತ್ತಿದ್ದೇ ನಾನು ಇವರನ್ನು ಕಳಿಸಿದೆ. ಹೇಳುವಾಗ ಅವರ ಮುಖ ಮಾತ್ರ ನೋಡುವುದಿಲ್ಲ.