ಉಪ್ಪು ನೋಡಿ ವಾರ್ನಿಷ್ ಹೊಡೆಯುವ ಸೇನಾಪತಿ

ಬೀದಿ ಇನ್ನೂ ಎದ್ದಿಲ್ಲ. ಹಾಲಿಗೆ ಒಲೆ ಹಚ್ಚುವ ಮೊದಲು ಆಕೆ ಕಿಟಕಿಯ ಕಟ್ಟೆಯ ಮೇಲಿನ ಪುಟ್ಟ ಬಟ್ಟಲಿಗೆ ಕೈ ಹಾಕಿ, ಒಂದು ಚಿಟಿಕೆ ಉಪ್ಪನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಾರೆ. ಉಪ್ಪು ಬೆರಳಿಗೆ ಅಂಟಿದರೆ ಗಾಳಿಯಲ್ಲಿ ತೇವ ಇದೆ ಎಂದು ಅರ್ಥ. ಅಂದು ಬರೀ ಬಣ್ಣದ ಕೆಲಸ. ಪುಡಿಪುಡಿಯಾಗಿ ಉದುರಿದರೆ ವಾರ್ನಿಷ್ ಹೊಡೆಯಬಹುದು. ಇವತ್ತು ಉದುರುತ್ತದೆ. ಆದರೂ ಆಕೆ ಇನ್ನೊಂದು ಚಿಟಿಕೆ ತೆಗೆದು ಉಜ್ಜುತ್ತಾರೆ. ಬಾಲ್ಕನಿಯ ಹಳೆಯ ಇಸ್ತ್ರಿ ಮೇಜಿನ ಮೇಲೆ ಹೆಬ್ಬೆರಳಿನಷ್ಟು ಎತ್ತರದ, ಕೆಂಪು ಕೋಟಿನ ಗೊಂಬೆ ಸವಾರರು ಕುದುರೆಗಳಿಲ್ಲದೆ ಕಾಲಗಲಿಸಿ ನಿಂತಿದ್ದಾರೆ.

ಊರಿನ ವಸ್ತುಸಂಗ್ರಹಾಲಯದ ದೊಡ್ಡ ಮೇಜಿನ ಮೇಲೆ ನೆಪೋಲಿಯನ್ ಸೋತ ಕೊನೆಯ ಯುದ್ಧದ ಪುಟ್ಟ ಮಾದರಿ ರೂಪುಗೊಳ್ಳುತ್ತಿದೆ. ಅದರ ಗುಡ್ಡ, ಹೊಲ, ಕೆಸರು ದಾರಿಗಳನ್ನು ಮಾಡಿದವರು ಬೇರೆ. ಅಲ್ಲಿ ನಿಲ್ಲುವ ಒಬ್ಬೊಬ್ಬ ಸೈನಿಕನ ಕೋಟು, ಗುಂಡಿ, ಮೀಸೆ ಮಾತ್ರ ಈಕೆಯ ಕುಂಚದ್ದು. ದಿನಕ್ಕೆ ಹತ್ತು ಹನ್ನೆರಡು ಸೈನಿಕರು ಮುಗಿದರೆ ಹೆಚ್ಚು. ಬೀದಿಯವರು ಈಕೆಯನ್ನು ಕರೆಯುವುದೇ ‘ಸೇನಾಪತಿ’ ಎಂದು. ಗಂಡ ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದು ಅಪರೂಪ. ಉಳಿದಂತೆ ಮನೆ ಅತ್ತೆ ಸೊಸೆಯರದು. ಊಟದ ಮೇಜು, ಕಪಾಟಿನ ನೆತ್ತಿ, ಫ್ರಿಜ್ಜಿನ ಮೇಲೆ, ಎಲ್ಲೆಲ್ಲೂ ದಂಡು. “ಮನೆ ತುಂಬಾ ಗಂಡಸರು. ಒಬ್ಬನಾದ್ರೂ ಒಂದು ಬಿಂದಿಗೆ ನೀರು ತರ್ತಾನಾ ನೋಡಿ” ಎಂದು ಅತ್ತೆ ಬಂದವರ ಮುಂದೆಲ್ಲ ದೂರುತ್ತಾರೆ.

ಮದುವೆಗೆ ಮೊದಲಿಂದಲೂ ಈಕೆ ಗೊಂಬೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಈಕೆಯ ಪಾಲಿಗೆ ಬಂದದ್ದು ಗೊಂಬೆಗಳ ಎಡಗಣ್ಣು. ಬಲಗಣ್ಣು ಪಕ್ಕದಲ್ಲಿ ಕೂರುವವಳದು. ಕಾರ್ಖಾನೆ ಮುಚ್ಚಿ, ಸಂಗ್ರಹಾಲಯದ ಕೆಲಸ ಕೈಗೆ ಬಂದಾಗ ಎರಡೂ ಕಣ್ಣು ಬರೆಯಬೇಕಾಯಿತು. “ನನ್ನ ಮೊದಲನೇ ದಂಡು ಪೂರ್ತಿ ಮೆಳ್ಳಗಣ್ಣು. ಶತ್ರು ಒಂದು ಕಡೆ ಇದ್ರೆ ಇವರು ಇನ್ನೊಂದು ಕಡೆ ನೋಡೋರು” ಎಂದು ಆಕೆ ನಗುತ್ತಾರೆ. ಈಗ ಬಲಗಣ್ಣನ್ನೇ ಮೊದಲು ಬರೆಯುತ್ತಾರೆ. ಕಣ್ಣು ಬರೆಯುವಾಗ ಉಸಿರು ಬಿಗಿ ಹಿಡಿಯಬೇಕು. ಹಾಗಾಗಿ ಕುಕ್ಕರ್ ಕೂಗಿ ಮುಗಿಯುವ ತನಕ ಆ ಕೆಲಸಕ್ಕೆ ಕೂರುವುದಿಲ್ಲ. ಸಂಜೆಯ ಹೊತ್ತಿಗೆ ಕತ್ತು ಮರಗಟ್ಟಿರುತ್ತದೆ. ಅನ್ನ ಬಸಿಯಲು ಬಗ್ಗಿದಾಗಲೇ ಅದು ಗೊತ್ತಾಗುವುದು.

ಎಡವಟ್ಟಾದದ್ದು ಹೋದ ವಾರ. ಕಿಟಕಿಯ ಬಟ್ಟಲು ಆಗಿನ್ನೂ ಇರಲಿಲ್ಲ. ಆಕೆ ಅಡುಗೆಮನೆಯ ಡಬ್ಬಿಯ ಉಪ್ಪನ್ನೇ ನೋಡಿದರು, ಸೊಗಸಾಗಿ ಉದುರಿತು, ವಾರ್ನಿಷ್ ಹೊಡೆದರು. ಸ್ನಾನ ಮಾಡಿ ಬರುವಷ್ಟರಲ್ಲಿ ಕುದುರೆಗಳೂ ಸವಾರರೂ ಬೂದಿ ಬಳಿದಂತೆ ಬೆಳ್ಳಗಾಗಿದ್ದರು. ಗಾಳಿಯಲ್ಲಿ ತೇವ ಇದ್ದೇ ಇತ್ತು. ಉಪ್ಪಿಗೆ ಮಾತ್ರ ತಗುಲಿರಲಿಲ್ಲ, ಏಕೆಂದರೆ ಹಿಂದಿನ ದಿನ ಅತ್ತೆ ಆ ಡಬ್ಬಿಗೆ ಒಂದು ಹಿಡಿ ಅಕ್ಕಿ ಹಾಕಿಟ್ಟಿದ್ದರು.

“ಉಪ್ಪು ಗಂಟು ಕಟ್ಟುತ್ತೆ ಅಂತ ನೀನೇ ಗೊಣಗ್ತಿದ್ದೆ, ಅದಕ್ಕೆ ಹಾಕ್ದೆ. ನಿನ್ನ ಕುದುರೆಗೂ ಅದೇ ಉಪ್ಪು ಅಂತ ನಂಗೇನು ಗೊತ್ತೇ” ಎಂದರಂತೆ ಅತ್ತೆ. ಸವಾರರ ಪಡೆ ಹೊತ್ತಿಗೆ ಸರಿಯಾಗಿ ಮೇಜು ಹತ್ತದಿದ್ದರೆ ಸಿದ್ಧ ಬಣ್ಣದ ಗೊಂಬೆಗಳನ್ನೇ ತರಿಸುವುದಾಗಿ ಸಂಗ್ರಹಾಲಯದ ಮೇಲ್ವಿಚಾರಕರು ಮೊದಲೇ ಹೇಳಿದ್ದರು. ತರಿಸಿದರೆ ಮುಂದಿನ ಕೆಲಸವೂ ಕೈತಪ್ಪಿದಂತೆ.

ಊಟವಾದ ಮೇಲೆ ಆಕೆ ಒಂದು ಕುದುರೆಯ ಬೆನ್ನಿಗೆ ಕುಂಚದ ತುದಿಯಲ್ಲಿ ಅಡುಗೆ ಎಣ್ಣೆ ಮುಟ್ಟಿಸಿ ನೋಡಿದರು. ಬಿಳುಪಿನ ಅಡಿಯಿಂದ ಕಂದು ಬಣ್ಣ ಮೇಲೆದ್ದಿತು. ಅಲ್ಲಿಂದ ಒಂದೊಂದಕ್ಕೂ ಎಣ್ಣೆ ಸವರುವುದು, ಒರೆಸುವುದು. ಪೊರೆಯ ಆಪರೇಷನ್ ಆದ ಕಣ್ಣಿನ ಅತ್ತೆ ಕುರ್ಚಿ ಎಳೆದುಕೊಂಡು ಬಂದು ಕೂತರು. “ಕುದುರೆ ನಂಗೆ ಬಿಡು. ಮೀಸೆ ಗೀಸೆ ನೀನು ನೋಡ್ಕೋ.”

ಮೇಲ್ವಿಚಾರಕರು ಬಂದಾಗ ಆಕೆ ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಅವರು ಒಂದು ಕುದುರೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಓಡಿ ಬಂದ ಕುದುರೆ ಬೆವರಿ ಹೊಳೆದರೆ ತಪ್ಪಿಲ್ಲ, ಉಣ್ಣೆಯ ಕೋಟು ಮಾತ್ರ ಹೊಳೆಯಬಾರದು ಎಂದರು. ಕುದುರೆಗಳನ್ನು ಅವತ್ತೇ ಕೊಂಡೊಯ್ದರು. ಸವಾರರಿಗೆ ಮತ್ತೊಮ್ಮೆ ಹೊಳಪಿಲ್ಲದ ವಾರ್ನಿಷ್ ಆಗಬೇಕು. ಅದಕ್ಕೆ ಕೊಟ್ಟ ಗಡುವು ಇವತ್ತಿನ ಸಂಜೆ.

ಬಟ್ಟಲಿನ ಉಪ್ಪು ಈಗ ಬೇರೆ, ಅಡುಗೆಯದು ಬೇರೆ. ಆಕೆ ಮೂಗಿಗೆ ಬಟ್ಟೆ ಕಟ್ಟಿ, ವಾರ್ನಿಷ್ ಸ್ಪ್ರೇ ಡಬ್ಬಿ ಕುಲುಕಿ, ಸವಾರರ ಸಾಲಿನ ಮೇಲೆ ಒಮ್ಮೆ ಹಾಯಿಸುತ್ತಾರೆ. ನಂತರ ಒಳಗೆ ಬಂದು ಹಾಲು ಇಳಿಸಿ, ಲೋಟ ತೊಳೆಯುತ್ತ ನಿಲ್ಲುತ್ತಾರೆ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾರೆ. ಬಾಲ್ಕನಿಗೆ ಹೋಗಿ ಬಗ್ಗಿ ನೋಡುವವರು ಅತ್ತೆ.

“ಕೆಂಪು ಕೆಂಪಾಗೇ ಇದೆ, ಬಾರೇ.”

ಸಂಗ್ರಹಾಲಯದ ಮೇಜಿಗೆ ಬರುವ ವಾರ ಗಾಜು ಕೂರಿಸುತ್ತಾರೆ, ಮತ್ತೆ ತೆಗೆಯುವುದಿಲ್ಲ. ನಿಮಗೇನು ಆಸೆ ಎಂದು ಕೇಳಿದರೆ ಸೇನಾಪತಿ ಸವಾರರನ್ನು ಒಬ್ಬೊಬ್ಬರನ್ನಾಗಿ ಹತ್ತಿಯಲ್ಲಿ ಸುತ್ತುತ್ತ ಹೇಳುತ್ತಾರೆ: “ಗಾಜು ಹಾಕೋ ಮುಂಚೆ ಅತ್ತೇನ ಒಂದ್ಸಲ ಕರ್ಕೊಂಡು ಹೋಗ್ಬೇಕು. ಆಮೇಲೆ ದೂರದಿಂದ ಅವರಿಗೆ ಕಾಣ್ಸಲ್ಲ. ಆ ಕುದುರೆಗಳೆಲ್ಲಾ ಅವರದು. ಹತ್ರ ನಿಂತು ನೋಡ್ಲಿ.”