ಕರಿ ನಾಯಿಗೊಂದು ಒಳ್ಳೆಯ ಫೋಟೋ

ವರ್ನಾ ಪಿಕೆಟ್‌ಳದು ಕಾಲಿಗೆ ಚಕ್ರ ಕಟ್ಟಿಕೊಂಡ ಜೀವ. ಮೂವತ್ತೊಂದು ವರ್ಷ ಕ್ಯಾನ್ಸಸ್ಸಿನಲ್ಲಿ ಶಾಲೆಯ ಬಸ್ಸು ಓಡಿಸಿದವಳು, ನಿವೃತ್ತಿಯಾದ ಮೂರನೇ ದಿನಕ್ಕೇ ಮನೆಯೊಳಗೆ ಉಸಿರುಗಟ್ಟಿದಂತಾಗಿ, ಊರಾಚೆ ದಿಕ್ಕಿಲ್ಲದ ನಾಯಿಗಳನ್ನು ಇರಿಸುವ ಆಶ್ರಯಕ್ಕೆ ಹೋಗಿ ಪೊರಕೆ ಹಿಡಿದಳು. ಆಮೇಲೆ ಫೋಟೋ ಕೆಲಸವೂ ಅವಳ ಪಾಲಿಗೇ ಬಂತು. ಫೋನಿನಲ್ಲಿ ತೆಗೆದು ಆಶ್ರಯದ ಜಾಲಪುಟಕ್ಕೆ ಹಾಕಬೇಕು, ಕಂಡವರು ಮನಸೋತು ನಾಯಿಯನ್ನು ಮನೆಗೆ ಕರೆದೊಯ್ಯಬೇಕು. ಕಂದು ನಾಯಿ, ಚುಕ್ಕೆ ನಾಯಿ, ಕೊನೆಗೆ ಒಕ್ಕಣ್ಣಿನ ಮುದಿ ನಾಯಿಗೂ ಮನೆ ಸಿಕ್ಕಿತು. ಡೀಕನ್ ಎಂಬ ನಾಯಿಗೆ ಮಾತ್ರ ಸಿಗಲಿಲ್ಲ.

ಡೀಕನ್ ಕಡುಗಪ್ಪು. ಹೇಗೆ ತೆಗೆದರೂ ಪರದೆಯ ಮೇಲೆ ಒಂದು ಕರಿ ಮುದ್ದೆ, ಅದರಲ್ಲಿ ಎರಡು ಹಸಿರು ಕಿಡಿ. ಆರು ವಾರ ಹೀಗೇ ಹೋಯಿತು. ಆಶ್ರಯದಲ್ಲಿ ಜಾಗ ಕಡಿಮೆ. ಯಾರೂ ಒಯ್ಯದ ನಾಯಿಗೆ ಏಳನೇ ವಾರ ಸೂಜಿ ಚುಚ್ಚಿ ಮುಗಿಸುತ್ತಾರೆ. ಡೀಕನ್‌ನ ಗಡುವು ಶುಕ್ರವಾರ. ಇವತ್ತು ಬುಧವಾರ.

"ಎಲ್ಲಿ, ತೋರ್ಸು," ಎಂದು ಮೇಲ್ವಿಚಾರಕಿ ನಡೀನ್ ಫೋನು ಇಸಿದುಕೊಂಡಳು. "ಅಯ್ಯೋ, ಇದನ್ನ ನೋಡಿದ್ರೆ ನಾನೇ ಬಾಗಿಲು ಹಾಕ್ಕೊಳ್ತೀನಿ. ಲೆನ್ಸಾದ್ರೂ ಒರೆಸಿದ್ಯೇನೇ? ಬೆಣ್ಣೆ ಮೆತ್ತಿದೆ."

"ಬೆಳಗ್ಗೆಯಿಂದ ಎಂಬತ್ತು ಸಲ ತೆಗ್ದೆ! ಅದು ಒಂದು ಕಡೆ ನಿಂತ್ರೆ ತಾನೆ?"

"ನೀನು ನಿಂತ್ಯಾ? ಕಾದ ಹಂಚಿನ ಮೇಲಿದ್ದ ಹಾಗೆ ನೀನು ಕುಣೀತೀಯ, ನಿನ್ನ ನೋಡಿ ಅದೂ ಕುಣಿಯುತ್ತೆ. ಸಾಲದ್ದಕ್ಕೆ ಮೇಲಿಂದ ಫ್ಲ್ಯಾಶ್ ಬೇರೆ. ನೆಲದ ಮೇಲೆ ಕೂತ್ಕೊಳ್ಳೇ ಮಾರಾಯ್ತಿ!"

ಮಾತು ನಿಜವಾಗಿದ್ದರಿಂದಲೇ ವರ್ನಾಗೆ ರೇಗಿತು. ಆದರೂ ಲೆನ್ಸು ಒರೆಸಿ, ಫ್ಲ್ಯಾಶ್ ಆರಿಸಿ, ಪಕ್ಕದ ಬಾಗಿಲು ತೆರೆದು, ಬೆಳಕು ಬೀಳುವಲ್ಲಿ ಕೂತಳು. ಫೋನನ್ನು ನಾಯಿಯ ಮುಖದ ಮಟ್ಟಕ್ಕೆ ಹಿಡಿದಳು. ಮಂಡಿ ನೋಯಿತು, ಬೆನ್ನು ತುರಿಸಿತು, ತೊಳೆಯದ ತಟ್ಟೆಗಳೆಲ್ಲ ನೆನಪಾದವು. ಹತ್ತು ನಿಮಿಷ ಹಲ್ಲು ಕಚ್ಚಿ ಕೂತಳು. ಸುತ್ತಿ ಸುತ್ತಿ ದಣಿದ ಡೀಕನ್ ಕೊನೆಗೆ ಎದುರಿಗೇ ಕುಳಿತಿತು. ಪರದೆಯಲ್ಲಿ ಅದರ ಮುಖವನ್ನು ಬೆರಳಿನಿಂದ ಒತ್ತಿದಳು. ಕಪ್ಪು ತಿಳಿಯಾಗಿ ಜೇನುಬಣ್ಣದ ಕಣ್ಣು, ಗದ್ದದ ನಾಲ್ಕು ನರೆಗೂದಲು ಕಂಡವು; ತಕ್ಷಣ ಫೋಟೋ ತೆಗೆದಳು. ಇಷ್ಟು ದಿನ ತಾನೂ ಈ ನಾಯಿಯನ್ನು ಸರಿಯಾಗಿ ನೋಡಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಗುರುವಾರ ಮಧ್ಯಾಹ್ನ ಊರಿನ ಕ್ಷೌರದಂಗಡಿಯ ಅರ್ಲನ್ ಬೋಮನ್ ಜಾಲಪುಟದಲ್ಲಿ ಕಂಡ ಅದೇ ಫೋಟೋವನ್ನು ಫೋನಿನಲ್ಲಿ ಹಿಡಿದು ಬಂದ. ಡೀಕನ್ ಕೋಣೆಯ ತುಂಬ ಹಾರಾಡುತ್ತಿತ್ತು.

"ಇದು ಆ ನಾಯಿ ಅಲ್ಲಮ್ಮ. ಫೋಟೋದಲ್ಲಿರೋದು ಎಷ್ಟು ಸಮಾಧಾನವಾಗಿದೆ!"

ವರ್ನಾ ಫೋಟೋದಲ್ಲಿನ ಗದ್ದದ ನರೆಗೂದಲಿಗೆ ಬೆರಳಿಟ್ಟು ತೋರಿಸಿದಳು. "ಅದೇ ಸಾರ್, ನನ್ನಾಣೆ. ಸ್ವಲ್ಪ ನೆಲದ ಮೇಲೆ ಕೂತ್ಕೊಳ್ಳಿ. ಕರೀಬೇಡಿ, ಸುಮ್ನೆ ಇರಿ."

ಅವನು ಕೂತ. ಡೀಕನ್ ಅವನತ್ತ ಕಣ್ಣೂ ಹಾಯಿಸಲಿಲ್ಲ. ವರ್ನಾ ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ ಅವಳ ಮೇಲೆಯೇ ಎಗರುತ್ತಿತ್ತು. ತಾನು ಇಲ್ಲಿರುವವರೆಗೆ ಇದು ಇನ್ನೊಬ್ಬರನ್ನು ನೋಡುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಹೊರಗೆ ಹೋಗಿ ಬಾಗಿಲೆಳೆದುಕೊಂಡಳು.

ಒಳಗೆ ಬೊಗಳು, ಬಾಗಿಲು ಪರಚುವ ಸದ್ದು, ಆಮೇಲೆ ಕುಂಯ್‌ಗುಟ್ಟುವಿಕೆ. ಒಳಗೆ ಓಡಬೇಕೆನ್ನುವ ಕಾಲನ್ನು ಅದುಮಿಕೊಂಡು ನಿಂತಳು. ಬಹಳ ಹೊತ್ತಿನ ಮೇಲೆ ಎಲ್ಲ ನಿಂತಿತು. ಗಾಜಿನಲ್ಲಿ ಇಣುಕಿದರೆ, ಡೀಕನ್ ಬೋಮನ್‌ನ ತೊಡೆಯ ಮೇಲೆ ಗದ್ದವಿಟ್ಟು ಮಲಗಿತ್ತು.

ಸದ್ಯ, ಬದುಕಿತು ಎಂದು ವರ್ನಾ ಉಸಿರುಬಿಟ್ಟಳು. ಬೆನ್ನಿಗೇ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಇನ್ನೊಂದೇ ಸಲ ತನಗಾಗಿ ಬೊಗಳಲಿ ಎಂದು ಗಾಜಿಗೆ ಮುಖವೊತ್ತಿ ಕಾದಳು. ಅದು ತಿರುಗಿಯೂ ನೋಡಲಿಲ್ಲ.